ಡಾ. ಆನಂದಿಬಾಯಿ ಜೋಶಿ

ನಮ್ಮ ಮಹಾಗಾಂವದ ಕಡೆಯವರಿಗೆ ಕೊಲ್ಹಾಪುರದ ಸಿ.ಪಿ.ಆರ್. ದವಾಖಾನೆ ಗೊತ್ತಿರುವಂಥದೇ. ಹಿಂದೆ ಅದಕ್ಕೆ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ ಎಂದು ಹೆಸರಿತ್ತು. 1886ರಲ್ಲಿ ಅಲ್ಲಿನ ಸ್ತ್ರೀಯರ ವಿಭಾಗಕ್ಕೆ ಕೊಲ್ಹಾಪುರ ಸಂಸ್ಥಾನವು ಇಪ್ಪತ್ತೊಂದು ವರ್ಷದ ತರುಣಿಯೊಬ್ಬರನ್ನು ವೈದ್ಯಾಧಿಕಾರಿಯಾಗಿ ನೇಮಿಸಿತು. ಅವರೇ ಡಾ. ಆನಂದಿಬಾಯಿ ಜೋಶಿ.

ಆನಂದಿಬಾಯಿ 1865ರ ಮಾರ್ಚ್ 31ರಂದು ಜನಿಸಿದರು. ತವರಿನ ಹೆಸರು ಯಮುನಾ. ಆಗಿನ ರೂಢಿಯಂತೆ ಒಂಬತ್ತನೆಯ ವಯಸ್ಸಿಗೇ ಲಗ್ನವಾಯಿತು. ಪತಿ ಗೋಪಾಳರಾವ್ ಅಂಚೆ ಇಲಾಖೆಯ ನೌಕರರು. ಆಕೆಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯರು. ಹೆಂಡತಿ ಓದಲೇಬೇಕೆಂಬುದು ಅವರ ಹಟ. ಕಲಿಸುವುದರಲ್ಲಿ ಅವರು ಬಲು ಕಠೋರರು.

ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದಿಬಾಯಿಗೆ ಗಂಡು ಮಗು ಹುಟ್ಟಿತು. ತಕ್ಕ ಉಪಚಾರ ದೊರೆಯದೆ ಅದು ಹತ್ತೇ ದಿನಗಳಲ್ಲಿ ತೀರಿಕೊಂಡಿತು. ಈ ದುಃಖವೇ ಆಕೆಯನ್ನು ವೈದ್ಯವಿದ್ಯೆಯ ಕಡೆಗೆ ತಿರುಗಿಸಿತು.

ಆ ಕಾಲದಲ್ಲಿ ದವಾಖಾನೆಗಳೇ ಇರಲಿಲ್ಲವೆಂದಲ್ಲ. ಆದರೆ ಅಲ್ಲಿನ ವೈದ್ಯರು ಗಂಡಸರು. ಪರಪುರುಷರ ಮುಂದೆ ತಮ್ಮ ಬೇನೆ ಹೇಳಿಕೊಳ್ಳಲು ಹೆಣ್ಣುಮಕ್ಕಳು ನಾಚುತ್ತಿದ್ದರು. ಮನೆಯ ಹಿರಿಯರೂ ಒಪ್ಪುತ್ತಿರಲಿಲ್ಲ. ಎಷ್ಟೋ ಬಾಣಂತಿಯರು ನೋವು ನುಂಗಿಕೊಂಡೇ ಕಣ್ಣು ಮುಚ್ಚುತ್ತಿದ್ದರು. ಆನಂದಿಬಾಯಿ ಈ ನಾಚಿಕೆಯನ್ನು ಅಜ್ಞಾನವೆಂದು ಹಳಿಯಲಿಲ್ಲ. ರೋಗಿಯ ಮಾನ ಕಾಯ್ದು ಮದ್ದು ಕೊಡುವವರು ಬೇಕು, ಅದಕ್ಕಾಗಿ ಹೆಂಗಸರೂ ವೈದ್ಯರಾಗಬೇಕು ಎಂದು ಬಗೆದರು. 1883ರಲ್ಲಿ ಬಂಗಾಲದ ಶ್ರೀರಾಮಪುರದ ಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳಿದರು.

ಈ ಮೊದಲೇ ಗೋಪಾಳರಾವ್ ಕೊಲ್ಹಾಪುರದಲ್ಲಿದ್ದಾಗ, ಹೆಂಡತಿಯ ಓದಿಗೆ ನೆರವು ಕೋರಿ ಅಮೇರಿಕದ ಪಾದ್ರಿಯೊಬ್ಬರಿಗೆ ಪತ್ರ ಬರೆದಿದ್ದರು. ಅದು ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಗಿ ಥಿಯೊಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿಯ ಕಣ್ಣಿಗೆ ಬಿತ್ತು. ಆ ತಾಯಿ ಆನಂದಿಬಾಯಿಗೆ ತಮ್ಮ ಮನೆಯಲ್ಲೇ ಆಸರೆ ಕೊಟ್ಟರು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ಜನ ಆಡಿಕೊಂಡರೂ ಹದಿನೆಂಟರ ಆನಂದಿಬಾಯಿ ಪತಿ ಜೊತೆಗಿಲ್ಲದೆಯೇ ಹಡಗು ಹತ್ತಿದ್ದರು.

ಅವರು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದರು. ಕೊರೆಯುವ ಚಳಿ, ಒಗ್ಗದ ಆಹಾರ. ಆದರೂ ಸೀರೆ ಬಿಡಲಿಲ್ಲ, ಶಾಕಾಹಾರ ಬಿಡಲಿಲ್ಲ. ಹಿಂದೂಗಳಲ್ಲಿದ್ದ ಪ್ರಸೂತಿ ಪದ್ಧತಿಯನ್ನು ಕುರಿತು ಪ್ರಬಂಧ ಬರೆದು 1886ರ ಮಾರ್ಚ್ 11ರಂದು ಎಂ.ಡಿ. ಪದವಿ ಪಡೆದರು.

ಅಷ್ಟರಲ್ಲಿ ಕ್ಷಯರೋಗ ಅವರ ದೇಹವನ್ನು ಹೊಕ್ಕಿತ್ತು. ಅದೇ ವರ್ಷದ ಕೊನೆಗೆ ಸ್ವದೇಶಕ್ಕೆ ಮರಳಿದರು. 1887ರ ಫೆಬ್ರುವರಿ 26ರಂದು ಪುಣೆಯಲ್ಲಿ ನಿಧನರಾದರು. ಆಗ ಅವರಿಗೆ ಇಪ್ಪತ್ತೆರಡು ವರ್ಷವೂ ತುಂಬಿರಲಿಲ್ಲ. ಕೊಲ್ಹಾಪುರದ ಆ ಹುದ್ದೆ ಅವರಿಗಾಗಿ ಕಾಯ್ದದ್ದೇ ಬಂತು.

ಒಬ್ಬ ರೋಗಿಗೂ ಅವರು ಅಲ್ಲಿ ಮದ್ದು ಕೊಡಲಾಗಲಿಲ್ಲ. ಆದರೂ ಅವರ ಬಾಳು ವ್ಯರ್ಥವಾಗಲಿಲ್ಲ. ಅವರ ಬಳಿಕ ಹೆಣ್ಣುಮಕ್ಕಳು ಧೈರ್ಯವಾಗಿ ಈ ವಿದ್ಯೆಗೆ ಬಂದರು. ಇಂದು ನಮ್ಮ ಗಡಹಿಂಗ್ಲಜದಲ್ಲಿಯೂ ಮಹಿಳಾ ವೈದ್ಯರಿದ್ದಾರೆ. ಆದರೆ ಅವರು ಕಂಡುಕೊಂಡ ಸತ್ಯ ಮಾತ್ರ ಹಳೆಯದಾಗಿಲ್ಲ. ಮರ್ಯಾದೆ ಸಿಗದ ಕಡೆ ರೋಗಿ ತನ್ನ ಬೇನೆಯನ್ನು ಬಚ್ಚಿಡುತ್ತಾನೆ. ಬಚ್ಚಿಟ್ಟ ಬೇನೆಗೆ ಯಾವ ಮದ್ದೂ ನಾಟುವುದಿಲ್ಲ. ಪರೀಕ್ಷೆಗೆ ಮುನ್ನ ಪರದೆ ಎಳೆಯುವುದು, ನಾಲ್ಕು ಜನರ ಎದುರು ರೋಗದ ಹೆಸರು ಕೂಗದಿರುವುದು, ಗಡಿಭಾಗದ ನಮ್ಮಲ್ಲಿ ಕನ್ನಡ ಮಾತ್ರ ಬಲ್ಲ ಅಜ್ಜಿಯ ಮಾತನ್ನು ಸಾವಧಾನದಿಂದ ಕೇಳುವುದು, ಇವೂ ಚಿಕಿತ್ಸೆಯೇ.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ದಾದಿಯರಾಗುವಿರಿ. ರೋಗಿಯ ನಾಡಿ ಹಿಡಿಯುವ ಮೊದಲು ಅವನ ಮಾನವನ್ನು ಕಾಯಿರಿ. ಆನಂದಿಬಾಯಿಯವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.