ಹಸುಗೂಸಿನ ಪಾಪ: ಸಂತ ಅಗಸ್ಟೀನರ ಬದುಕು ಮತ್ತು ಚಿಂತನೆ

ತೊಟ್ಟಿಲಲ್ಲಿ ಮಲಗಿದ ಹಸುಗೂಸನ್ನು ದೇವರ ಸಮಾನವೆಂದು ಭಾವಿಸಿ ಬೆಳೆದವರು ನಾವು. ಆ ಕೂಸು ಹುಟ್ಟುವಾಗಲೇ ಪಾಪವನ್ನು ಹೊತ್ತು ಬರುತ್ತದೆಂಬ ಮಾತು ನಮ್ಮ ಕಿವಿಗೆ ಕಠೋರವಾಗಿ ಕೇಳಿಸುವುದು ಸಹಜ. ಪಾಶ್ಚಾತ್ಯ ಕ್ರೈಸ್ತ ಜಗತ್ತಿನಲ್ಲಿ ಜನ್ಮಪಾಪವೆಂಬ ಈ ವಿಚಾರಕ್ಕೆ ಖಚಿತ ರೂಪ ಕೊಟ್ಟವರು ಸಂತ ಅಗಸ್ಟೀನರು. ಅವರ ಬದುಕನ್ನು ಅರಿಯದೆ ಈ ಸಿದ್ಧಾಂತವನ್ನು ಅಳೆಯುವುದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ.

ಅಗಸ್ಟೀನರು ಕ್ರಿ.ಶ. 354ರ ನವೆಂಬರ್ 13ರಂದು, ರೋಮನ್ ಆಳ್ವಿಕೆಯಲ್ಲಿದ್ದ ಉತ್ತರ ಆಫ್ರಿಕದ ತಗಾಸ್ತೆ ಎಂಬ ಪಟ್ಟಣದಲ್ಲಿ ಜನಿಸಿದರು. ಇಂದು ಅದು ಅಲ್ಜೀರಿಯದ ಸೂಕ್ ಅಹ್ರಾಸ್. ತಂದೆ ಪಾತ್ರಿಕಿಯುಸ್ ಹಳೆಯ ರೋಮನ್ ದೇವತೆಗಳನ್ನು ನಂಬಿದವರು, ತಾಯಿ ಮೋನಿಕಾ ಕ್ರೈಸ್ತ ಭಕ್ತೆ. ಇಲ್ಲೊಂದು ಸೋಜಿಗವಿದೆ. ಮುಂದೆ ಶಿಶುಗಳ ದೀಕ್ಷಾಸ್ನಾನಕ್ಕಾಗಿ ಅಷ್ಟು ವಾದಿಸಿದ ಈ ಮನುಷ್ಯನಿಗೆ ಶೈಶವದಲ್ಲಿ ದೀಕ್ಷಾಸ್ನಾನವಾಗಿರಲಿಲ್ಲ. ಬಾಲ್ಯದಲ್ಲಿ ಹೊಟ್ಟೆನೋವಿನಿಂದ ಸಾಯುವ ಸ್ಥಿತಿ ಬಂದಾಗ ತಾಯಿ ಅದಕ್ಕೆ ಸಿದ್ಧತೆ ನಡೆಸಿದರು. ಹುಡುಗ ಚೇತರಿಸಿಕೊಂಡೊಡನೆ ಮುಂದೂಡಿದರು. ದೀಕ್ಷೆಯ ನಂತರ ಮಾಡುವ ಪಾಪ ಹೆಚ್ಚು ಘೋರವೆಂಬ ಭಯ ಆ ಕಾಲದ ಮನೆಗಳಲ್ಲಿತ್ತು.

ಕಾರ್ತೇಜ್ ನಗರದಲ್ಲಿ ವಿದ್ಯಾಭ್ಯಾಸ, ಅಲ್ಲಿಯೇ ಒಬ್ಬ ಹೆಣ್ಣಿನ ಸಹವಾಸ, ಹದಿನೆಂಟರ ಆಸುಪಾಸಿನಲ್ಲಿ ಅದಿಯೋದಾತುಸ್ ಎಂಬ ಮಗ. ದೇವರು ದಯಪಾಲಿಸಿದವನು ಎಂದು ಆ ಹೆಸರಿನ ಅರ್ಥ, ನಮ್ಮ ದೇವದತ್ತನೆನ್ನಬಹುದು. ಕೆಡುಕು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಅರಸುತ್ತ ಅಗಸ್ಟೀನರು ಸುಮಾರು ಒಂಬತ್ತು ವರ್ಷ ಮಾನಿಯ ಮತದಲ್ಲಿದ್ದರು. ಬೆಳಕು ಮತ್ತು ಕತ್ತಲೆ ಎಂಬ ಎರಡು ಶಕ್ತಿಗಳ ಹೋರಾಟವೇ ಜಗತ್ತೆಂದು ಆ ಮತ ಬೋಧಿಸುತ್ತಿತ್ತು. 384ರಲ್ಲಿ ಮಿಲಾನಿಗೆ ಭಾಷಣಶಾಸ್ತ್ರದ ಅಧ್ಯಾಪಕರಾಗಿ ಹೋದಾಗ ಬಿಷಪ್ ಆಂಬ್ರೋಸರ ಪ್ರವಚನಗಳು ಅವರ ಮನಸ್ಸನ್ನು ತಿರುಗಿಸಿದವು. 387ರ ಈಸ್ಟರ್ ಹಬ್ಬದಂದು ತಂದೆ ಮಗ ಇಬ್ಬರೂ ಜೊತೆಯಾಗಿ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ತಾಯಿ ತೀರಿಕೊಂಡರು. ಆಫ್ರಿಕಕ್ಕೆ ಮರಳಿದ ಕೆಲಕಾಲದ ನಂತರ ಹದಿಹರೆಯದ ಆ ಮಗನೂ ಇಲ್ಲವಾದನು. ಶಿಶುಮರಣದ ಬಗ್ಗೆ ಬರೆದ ಈ ಚಿಂತಕರಿಗೆ ಪುತ್ರಶೋಕ ಅಪರಿಚಿತವಾಗಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

391ರಲ್ಲಿ ಹಿಪ್ಪೋ ನಗರದಲ್ಲಿ ಪಾದ್ರಿಯಾಗಿ, ಕೆಲವೇ ವರ್ಷಗಳಲ್ಲಿ ಬಿಷಪರಾದರು. ಆಗ ಬರೆದ ಆತ್ಮನಿವೇದನೆಯ ಗ್ರಂಥದಲ್ಲಿ ತಮ್ಮ ಶೈಶವವನ್ನೂ ಅವರು ತಪಾಸಣೆಗೆ ಒಡ್ಡಿದರು. ಇನ್ನೂ ಮಾತು ಬಾರದ ಕೂಸೊಂದು ತನ್ನೊಡನೆ ಹಾಲು ಕುಡಿಯುವ ಇನ್ನೊಂದು ಕೂಸನ್ನು ಹೊಟ್ಟೆಕಿಚ್ಚಿನಿಂದ ನೋಡುವುದನ್ನು ಅವರು ಕಂಡಿದ್ದರು. ಶಿಶು ಕೇಡು ಮಾಡದಿರುವುದಕ್ಕೆ ಕೈಕಾಲುಗಳ ದುರ್ಬಲತೆ ಕಾರಣ, ಮನಸ್ಸಿನ ಶುದ್ಧಿಯಲ್ಲ ಎಂದು ಅವರು ತೀರ್ಮಾನಿಸಿದರು. ಮಕ್ಕಳನ್ನು ಸಾಕಿದವರು ಆ ದೃಶ್ಯವನ್ನು ಅಲ್ಲಗಳೆಯಲಾರರು. ತೀರ್ಮಾನವನ್ನು ಒಪ್ಪುವುದು ಬೇರೆ ಮಾತು.

410ರಲ್ಲಿ ರೋಮ್ ಗಾಥರ ಕೈಗೆ ಸಿಕ್ಕಿ ಸೂರೆಯಾಯಿತು. ಅಲ್ಲಿಂದ ಓಡಿಬಂದವರಲ್ಲಿ ಬ್ರಿಟನ್ ಮೂಲದ ಪೆಲಾಜಿಯುಸ್ ಎಂಬ ವಿರಕ್ತರೂ ಅವರ ಶಿಷ್ಯ ಸೆಲೆಸ್ಟಿಯುಸರೂ ಇದ್ದರು. ಪಾಪವೆಂಬುದು ಸ್ವಂತ ಇಚ್ಛೆಯ ಕೃತ್ಯ, ಆದಾಮನ ತಪ್ಪು ಆದಾಮನಿಗೇ ಸೇರಿದ್ದು, ಹುಟ್ಟುವ ಶಿಶು ನಿರ್ದೋಷಿ ಎಂಬುದು ಅವರ ವಾದ. ನಾವು ಬ್ಯಾಂಕಿನವರು ತಂದೆಯ ಸಾಲವನ್ನು ಮಗನಿಂದ ವಸೂಲಿ ಮಾಡುವುದು ಅವನಿಗೆ ಬಂದ ಆಸ್ತಿಯ ಮಿತಿಯಲ್ಲಿ ಮಾತ್ರ. ಆದ್ದರಿಂದಲೋ ಏನೋ, ಈ ವಾದ ನಮಗೆ ಸಲೀಸಾಗಿ ಹಿಡಿಸುತ್ತದೆ. ಅಗಸ್ಟೀನರ ಪ್ರತಿವಾದವೂ ಸಾಮಾನ್ಯವಾದುದಲ್ಲ. ಪಾಪಕ್ಷಮೆಗಾಗಿಯೇ ಇರುವ ದೀಕ್ಷಾಸ್ನಾನವನ್ನು ಸಭೆಯು ಶಿಶುಗಳಿಗೂ ಕೊಡುತ್ತ ಬಂದಿದೆ. ಪಾಪವಿಲ್ಲವಾದರೆ ಕ್ಷಮೆ ಯಾವುದಕ್ಕೆ? ಕ್ರಿಸ್ತನು ರಕ್ಷಕನೆಂದಾದರೆ ಶಿಶುವಿಗೂ ರಕ್ಷಕನಾಗಬೇಡವೇ? ಸಂತ ಪೌಲರು ರೋಮನರಿಗೆ ಬರೆದ ಪತ್ರದ ಐದನೆಯ ಅಧ್ಯಾಯವೂ ಅವರಿಗೆ ಆಧಾರವಾಯಿತು. ಲ್ಯಾಟಿನ್ ಅನುವಾದದಲ್ಲಿ ಆ ವಾಕ್ಯಕ್ಕೆ ಎಲ್ಲರೂ ಆದಾಮನಲ್ಲಿ ಪಾಪ ಮಾಡಿದರೆಂಬ ಅರ್ಥ ಬರುತ್ತಿತ್ತು. ಗ್ರೀಕ್ ಮೂಲ ಆ ಅರ್ಥವನ್ನು ಅಷ್ಟು ಸ್ಪಷ್ಟವಾಗಿ ಕೊಡುವುದಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಆದಾಮನಿಂದ ಮರಣವೂ ದೌರ್ಬಲ್ಯವೂ ಬಂದವೆನ್ನುತ್ತವೆಯೇ ಹೊರತು ಅಪರಾಧ ಬಂತೆನ್ನುವುದಿಲ್ಲ.

ವಾದದ ತುದಿಯಲ್ಲಿ ಅಗಸ್ಟೀನರು ಅಂಜದೆ ನಿಂತರು. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುವಿಗೆ ಸ್ವರ್ಗವಿಲ್ಲ, ಸ್ವರ್ಗನರಕಗಳ ನಡುವೆ ಬೇರೆ ಸ್ಥಾನವೂ ಇಲ್ಲ. ಆದರೆ ಅದರ ಶಿಕ್ಷೆ ಅತ್ಯಂತ ಲಘುವಾದುದು ಎಂದರು. ಇದನ್ನು ಅವರು ನಿರಾಯಾಸವಾಗಿ ಹೇಳಲಿಲ್ಲ. 415ರಲ್ಲಿ ಬೆತ್ಲೆಹೇಮಿನಲ್ಲಿದ್ದ ಸಂತ ಜೆರೋಮರಿಗೆ ಬರೆದ ದೀರ್ಘ ಪತ್ರದಲ್ಲಿ, ಶಿಶುಗಳು ಅನುಭವಿಸುವ ರೋಗರುಜಿನಗಳನ್ನೂ ಸಂಕಟವನ್ನೂ ನೆನೆದು, ಅವುಗಳ ಆತ್ಮ ಎಲ್ಲಿಂದ ಬರುತ್ತದೆ, ಪಾಪ ಹೇಗೆ ಅಂಟುತ್ತದೆ ಎಂದು ಮೊರೆಯಿಟ್ಟು ಕೇಳಿದರು. ಆತ್ಮದ ಮೂಲದ ಪ್ರಶ್ನೆ ಅವರಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

418ರಲ್ಲಿ ಕಾರ್ತೇಜಿನ ಸಭೆ ಪೆಲಾಜಿಯುಸರ ಬೋಧನೆಯನ್ನು ಖಂಡಿಸಿತು. ಆದರೂ ಇಟಲಿಯ ಎಕ್ಲಾನುಮಿನ ಬಿಷಪ್ ಜೂಲಿಯನ್ ಸುಮ್ಮನಾಗಲಿಲ್ಲ. ಕೂಸನ್ನು ಶಿಕ್ಷಿಸುವ ದೇವರು ನ್ಯಾಯವಂತನಾಗುವುದೆಂತು, ಅಗಸ್ಟೀನರು ಇನ್ನೂ ಹಳೆಯ ಮಾನಿಯ ಮತವನ್ನೇ ಹೇಳುತ್ತಿದ್ದಾರಲ್ಲವೇ ಎಂದು ಅವರು ಪಟ್ಟುಹಿಡಿದು ಕೇಳಿದರು. ನಮ್ಮ ಮಟ್ಟಿಗೆ, ಈ ಮೊದಲ ಪ್ರಶ್ನೆಗೆ ಅಗಸ್ಟೀನರಿಂದ ಸಮಾಧಾನಕರ ಉತ್ತರ ಬರಲಿಲ್ಲ. ಮಧ್ಯಯುಗದ ಪಂಡಿತರೂ ಆ ಕಠೋರತೆಯನ್ನು ತಾಳಲಾರದೆ, ನೋವಿಲ್ಲದ ಲಿಂಬೊ ಎಂಬ ಸ್ಥಾನವನ್ನು ಶಿಶುಗಳಿಗೆ ಕಲ್ಪಿಸಿದರು. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಅಂಥ ಶಿಶುಗಳಿಗೂ ಮುಕ್ತಿಯಿದೆಯೆಂದು ಆಶಿಸಲು ಗಂಭೀರ ಆಧಾರಗಳಿವೆ ಎಂಬ ಅಭಿಪ್ರಾಯಕ್ಕೆ ಬಂದಿತು.

ಜೂಲಿಯನರಿಗೆ ಬರೆಯುತ್ತಿದ್ದ ಕೊನೆಯ ಉತ್ತರ ಅಪೂರ್ಣವಾಗಿಯೇ ಉಳಿಯಿತು. 430ರಲ್ಲಿ ವ್ಯಾಂಡಲರು ಹಿಪ್ಪೋವನ್ನು ಮುತ್ತಿದ್ದಾಗ ಎಪ್ಪತ್ತೈದರ ಅಗಸ್ಟೀನರು ಜ್ವರದಿಂದ ಹಾಸಿಗೆ ಹಿಡಿದರು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಎದುರಿನ ಗೋಡೆಗೆ ಅಂಟಿಸಿಕೊಂಡು, ಊಟ ಮತ್ತು ವೈದ್ಯರ ಭೇಟಿಯ ಹೊತ್ತು ಹೊರತು ಯಾರನ್ನೂ ಒಳಗೆ ಬಿಡದೆ, ಅವನ್ನು ಓದುತ್ತ ಕಣ್ಣೀರಿಡುತ್ತಿದ್ದರೆಂದು ಶಿಷ್ಯ ಪೊಸ್ಸಿಡಿಯುಸ್ ದಾಖಲಿಸಿದ್ದಾರೆ. ಆಗಸ್ಟ್ 28ರಂದು ಅವರು ನಿಧನರಾದರು.