ಜೈಲಿನಿಂದ ಹೊರಬಿದ್ದ, ಬಿದನೂರು ಸೀಮೆ ಹಿಡಿದ: ವೆಲ್ಲೆಸ್ಲಿಗೇ ಬೆವರಿಳಿಸಿದ ಧೊಂಡಿಯ ವಾಘ್

ಹೊಸನಗರ: ನಗರದ ಕೋಟೆ ನೋಡೋಕೆ ಹೋದವರು ಶಿವಪ್ಪ ನಾಯಕನ ಹೆಸರು ಹೇಳ್ತಾರೆ, ದರ್ಬಾರ್ ಹಾಲ್ ಇದ್ದ ಜಾಗ ತೋರಿಸ್ತಾರೆ, ಹೈದರಾಲಿ 1763ರಲ್ಲಿ ಬಂದು ಗೆದ್ದ ಕತೆ ಹೇಳ್ತಾರೆ. ಇನ್ನೊಂದು ಹೆಸರು ಮಾತ್ರ ಯಾರ ಬಾಯಲ್ಲೂ ಬರೋದಿಲ್ಲ. 1799ರ ಮಳೆಗಾಲದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿಯಿಂದ ಹಿಡಿದು ಇಡೀ ಬಿದನೂರು ಸೀಮೆಯನ್ನು ನಡುಗಿಸಿದವನು ಧೊಂಡಿಯ ವಾಘ್. ಬ್ರಿಟಿಷರ ಕಾಗದಪತ್ರಗಳಲ್ಲಿ ಆತ ದರೋಡೆಕೋರ. ಈಚೆಗೆ ಬರೆದವರು ಕೆಲವರು ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಗೆ ಸೇರಿಸಿದ್ದಾರೆ. ಎರಡರಲ್ಲಿ ಯಾವುದು ಸರಿ ಅನ್ನೋದನ್ನು ಆತನ ಬದುಕು ಓದಿದ ಮೇಲೆ ಓದುಗರೇ ಹೇಳಬೇಕು.

ಹುಟ್ಟಿದ್ದು ಚನ್ನಗಿರಿಯಲ್ಲಿ, ಪವಾರ್ ಮನೆತನದ ಮರಾಠ ಕುಟುಂಬ. ವಾಘ್ ಅಂದರೆ ಮರಾಠಿಯಲ್ಲಿ ಹುಲಿ. ಹೈದರಾಲಿಯ ಕುದುರೆ ಪಡೆಗೆ ಸಾಮಾನ್ಯ ಸವಾರನಾಗಿ ಸೇರಿದ. ಆ ಕಾಲದಲ್ಲಿ ಹೊಟ್ಟೆಪಾಡಿಗೆ ಸೈನ್ಯ ಸೇರೋದು ಅಂದರೆ ಇವತ್ತು ಬೆಂಗಳೂರು ಬಸ್ಸು ಹತ್ತಿದ ಹಾಗೆ. ಹೈದರ್ ತೀರಿಕೊಂಡ ಮೇಲೆ ಟಿಪ್ಪುವಿನ ಕೈಕೆಳಗೂ ದುಡಿದ.

ಮೂರನೇ ಮೈಸೂರು ಯುದ್ಧ ನಡೀತಿದ್ದಾಗ ಟಿಪ್ಪುವಿಗೆ ಎಲ್ಲ ಕಡೆಯಿಂದಲೂ ಏಟು ಬೀಳ್ತಿತ್ತು. 1791ರ ಕೊನೆಗೆ ಮರಾಠರ ಪರಶುರಾಮ ಭಾವು ಶಿವಮೊಗ್ಗದ ಮೇಲೆ ಬಿದ್ದ, ಊರು ಲೂಟಿಯಾಯ್ತು. ಈ ಗದ್ದಲದಲ್ಲೇ ಧೊಂಡಿಯ ಸಿಕ್ಕಷ್ಟು ದೋಚಿಕೊಂಡು, ಒಂದಷ್ಟು ಸವಾರರನ್ನು ಕಟ್ಟಿಕೊಂಡು ಟಿಪ್ಪು ಸೈನ್ಯದಿಂದ ಕಾಲ್ಕಿತ್ತ. ಲಕ್ಷ್ಮೇಶ್ವರದ ದೇಸಾಯಿ ಆಸರೆ ಕೊಟ್ಟ. ಯುದ್ಧ ಮುಗಿದು ಧಾರವಾಡ ಕಡೆಯ ಸೀಮೆಯೆಲ್ಲ ಮರಾಠರ ಕೈಗೆ ಹೋಗಿತ್ತು. 1793ರ ಆರಂಭದಲ್ಲಿ ಧೊಂಡಿಯ ಹಾವೇರಿ, ಸವಣೂರು ಭಾಗಕ್ಕೆ ನುಗ್ಗಿ ವಸೂಲಿ ಶುರು ಹಚ್ಚಿದ. ಇವನನ್ನು ಅಡಗಿಸಲು ಮರಾಠರು ಕಳಿಸಿದ್ದು ಧೋಂಡೋಪಂತ ಗೋಖಲೆ ಅನ್ನುವ ಸರದಾರನನ್ನು. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತೆ.

ಗೋಖಲೆಯ ಮುಂದೆ ನಿಲ್ಲೋಕಾಗದೆ ಧೊಂಡಿಯ 1794ರಲ್ಲಿ ಸುಮಾರು 200 ಸವಾರರ ಜತೆ ವಾಪಸ್ ಟಿಪ್ಪುವಿನ ಹತ್ತಿರವೇ ಬಂದ. ಬಿಟ್ಟು ಓಡಿಹೋದ ಯಜಮಾನನ ಮನೆ ಬಾಗಿಲಿಗೇ ಬರೋಕೆ ಎಂಟೆದೆ ಬೇಕು. ಮೊದಲು ಸೇರಿಸಿಕೊಂಡ ಟಿಪ್ಪು, ಆಮೇಲೆ ಹಿಡಿದು ಶ್ರೀರಂಗಪಟ್ಟಣದಲ್ಲಿ ಸಂಕೋಲೆ ಹಾಕಿಸಿದ. ಬಲವಂತವಾಗಿ ಮತಾಂತರ ಮಾಡಿಸಿದ ಅಂತ ಬ್ರಿಟಿಷ್ ಇತಿಹಾಸಕಾರರು ಬರೆದಿದ್ದಾರೆ. ಮಲಿಕ್ ಜಹಾನ್ ಖಾನ್ ಅನ್ನುವ ಹೆಸರು ಬಂದಿದ್ದು ಆಗಲೇ. ವರ್ಷಗಟ್ಟಲೆ ಸಂಕೋಲೆಯಲ್ಲೇ ಕಳೆದ.

ಕೋಟೆ ಬಿತ್ತು, ಸಂಕೋಲೆ ಕಳಚಿತು

1799ರ ಮೇ 4. ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಕೋಟೆಯೊಳಗೆ ಲೂಟಿ, ಗಲಾಟೆ. ಸೆರೆಮನೆ ಬಾಗಿಲು ತೆಗೆದಾಗ ಹೊರಗೆ ಬಂದವರಲ್ಲಿ ಧೊಂಡಿಯನೂ ಇದ್ದ. ಯಾರನ್ನು ಬಿಡ್ತಿದ್ದೀವಿ ಅಂತ ಬ್ರಿಟಿಷರು ಆ ಹೊತ್ತಿಗೆ ಸರಿಯಾಗಿ ವಿಚಾರಿಸಲಿಲ್ಲ. ಅದಕ್ಕೆ ಮುಂದಿನ ಹದಿನಾರು ತಿಂಗಳು ದಂಡ ಕಟ್ಟಿದರು.

ಆತ ನೇರವಾಗಿ ಬಂದಿದ್ದು ನಮ್ಮ ಕಡೆಗೆ. ಕಾರಣ ಇಲ್ಲದೆ ಅಲ್ಲ. ಟಿಪ್ಪುವಿನ ದೊಡ್ಡ ಸರದಾರರಿಗೆ ಪಿಂಚಣಿ ಸಿಕ್ಕಿತು. ಆದರೆ ಸಾಮಾನ್ಯ ಸವಾರನಿಗೆ, ಕೋಟೆ ಕಾಯುವ ಕಾಲಾಳಿಗೆ ಏನೂ ಇಲ್ಲ. ಕೈಯಲ್ಲಿ ಕತ್ತಿ ಇದೆ, ಕುದುರೆ ಇದೆ, ಸಂಬಳ ಕೊಡುವ ದೊರೆ ಇಲ್ಲ. ಇಂಥ ಸಾವಿರಾರು ಮಂದಿ ಊರೂರಲ್ಲಿದ್ದರು. ಧೊಂಡಿಯ ಅವರಿಗೆ ಕೆಲಸ ಕೊಟ್ಟ, ಅಷ್ಟೇ.

ಇನ್ನೊಂದು, ಬಿದನೂರು ಸೀಮೆ ಅಂದರೆ ದುಡ್ಡಿನ ಸೀಮೆ. ಅಡಿಕೆ, ಕಾಳುಮೆಣಸು, ಏಲಕ್ಕಿ, ಅಕ್ಕಿ ಎಲ್ಲ ಹೇರೆತ್ತಿನ ಮೇಲೆ ನಗರ ಪೇಟೆಗೆ ಬಂದು, ಹೊಸಂಗಡಿ ಘಾಟಿ ಇಳಿದು ಕುಂದಾಪುರಕ್ಕೆ ಹೋಗ್ತಿತ್ತು. ಇಕ್ಕೇರಿ, ಕೆಳದಿ, ಕವಲೇದುರ್ಗದ ಕೋಟೆಗಳೆಲ್ಲ ಇದೇ ವ್ಯಾಪಾರದ ದುಡ್ಡಲ್ಲಿ ಎದ್ದವು. ರಾಜ್ಯ ಇನ್ನೂ ಯಾರ ಹಿಡಿತಕ್ಕೂ ಬಂದಿಲ್ಲದ ಹೊತ್ತಲ್ಲಿ ಇಲ್ಲಿಗೆ ಮೊದಲು ಬಂದವನದೇ ಸುಂಕ, ಅವನದೇ ಕಂದಾಯ. ಮೈಸೂರಿನಲ್ಲಿ 1799ರ ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ಪೂರ್ಣಯ್ಯ ದಿವಾನರಾಗಿ ಆಡಳಿತ ಹೊಂದಿಸ್ತಾ ಇದ್ದರು. ಮಲೆನಾಡಿನವರೆಗೆ ಅವರ ಕೈ ಇನ್ನೂ ಚಾಚಿರಲಿಲ್ಲ.

ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರ ಕೋಟೆಗಳಲ್ಲಿ ಧೊಂಡಿಯನ ಜನ ಸೇರಿಕೊಂಡರು. ಪೇಟೆಯ ಸಾಹುಕಾರರಿಂದ ವಸೂಲಿ ನಡೀತು. ಇದನ್ನು ಮುಚ್ಚಿಟ್ಟು ಆತನನ್ನು ಬರೀ ವೀರ ಅಂದರೆ ಆ ಕಾಲದ ಅಂಗಡಿಕಾರರಿಗೆ ಅನ್ಯಾಯ ಆಗುತ್ತೆ. ಎಂಟು ವರ್ಷದ ಹಿಂದೆ ಮರಾಠರು ದೋಚಿದ್ದ ಶಿವಮೊಗ್ಗ ಪೇಟೆ ಆಗಷ್ಟೇ ಚೇತರಿಸಿಕೊಳ್ತಿತ್ತು.

ಬ್ರಿಟಿಷರು ಮಳೆಗಾಲ ಅಂತ ಸುಮ್ಮನೆ ಕೂರಲಿಲ್ಲ. ಕರ್ನಲ್ ಡಾಲ್ರಿಂಪಲ್ ಚಿತ್ರದುರ್ಗದ ಕಡೆಯಿಂದ, ಕರ್ನಲ್ ಸ್ಟೀವನ್‌ಸನ್ ಇನ್ನೊಂದು ಕಡೆಯಿಂದ ನುಗ್ಗಿದರು. ಆಷಾಢ ಶ್ರಾವಣದ ಮಲೆನಾಡ ಮಳೆ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ, ಆ ಕೆಸರಲ್ಲಿ ತೋಪು ಎಳೆದುಕೊಂಡು ಬಂದರು. ಶಿವಮೊಗ್ಗ, ಹೊನ್ನಾಳಿ ಕೈತಪ್ಪಿದವು. ಆಗಸ್ಟ್ 17ರಂದು ಶಿಕಾರಿಪುರದ ಹತ್ತಿರ ಧೊಂಡಿಯನ ಪಡೆಗೆ ದೊಡ್ಡ ಏಟು ಬಿತ್ತು, ಕೋಟೆಯೂ ಹೋಯ್ತು. ಆತ ಮಾತ್ರ ಸಿಗಲಿಲ್ಲ. ಗಡಿ ದಾಟಿ ಮರಾಠರ ಸೀಮೆಗೆ ಹಾರಿದ. ಅಲ್ಲಿಗೆ ಕಾಲಿಡೋಕೆ ಬ್ರಿಟಿಷ್ ಸೈನ್ಯಕ್ಕೆ ಅಪ್ಪಣೆ ಇರಲಿಲ್ಲ.

ಮೂರೇ ದಿನ. ಆಗಸ್ಟ್ 20ಕ್ಕೆ ಹಳೇ ವೈರಿ ಧೋಂಡೋಪಂತ ಗೋಖಲೆ ಆತನ ಬಿಡಾರದ ಮೇಲೆ ಬಿದ್ದು ಆನೆ, ತೋಪು, ಎತ್ತು ಎಲ್ಲ ಕಿತ್ತುಕೊಂಡ. ಬೇರೆ ಯಾರಾದರೂ ಆಗಿದ್ದರೆ ಕತೆ ಇಲ್ಲಿಗೆ ಮುಗೀತಿತ್ತು.

ಎರಡು ಲೋಕದ ದೊರೆ

ಧೊಂಡಿಯ ಕೊಲ್ಲಾಪುರದ ರಾಜನ ಚಾಕರಿಗೆ ಸೇರಿದ, ಸ್ವಲ್ಪ ದಿನಕ್ಕೇ ಬಿಟ್ಟ. 1800ರ ಬೇಸಿಗೆ ಹೊತ್ತಿಗೆ ಮತ್ತೆ ಸಾವಿರಾರು ಸವಾರರು ಸುತ್ತ ಸೇರಿದ್ದರು. ಧಾರವಾಡ, ಸವಣೂರು ಕಡೆ ಕೋಟೆ ಮೇಲೆ ಕೋಟೆ ಹಿಡಿದ. ಉಭಯ ಲೋಕಾಧೀಶ್ವರ ಅಂತ ಬಿರುದು ಇಟ್ಟುಕೊಂಡ, ಅಂದರೆ ಈ ಲೋಕಕ್ಕೂ ಆ ಲೋಕಕ್ಕೂ ತಾನೇ ದೊರೆ ಅಂತ! ನಗು ಬರಬಹುದು. ಆದರೆ ಅಧಿಕಾರ ಕಳಕೊಂಡಿದ್ದ ಪಾಳೇಗಾರರು ಆತನ ಕಡೆ ಆಸೆಯಿಂದ ನೋಡ್ತಿದ್ದರು. ಅದೇ ಹೊತ್ತಿಗೆ ಸಕಲೇಶಪುರ ಕಡೆ ಬಲಂ ಸೀಮೆಯ ಕೃಷ್ಣಪ್ಪ ನಾಯಕನೂ ಕಾಡು ಹಿಡಿದು ಕಂಪನಿಗೆ ಸೆಡ್ಡು ಹೊಡೆದಿದ್ದ (ಆತನನ್ನು 1802ರಲ್ಲಿ ಹಿಡಿದು ಗಲ್ಲಿಗೇರಿಸಿದರು). ಎಲ್ಲ ಕಿಡಿ ಒಟ್ಟಾದರೆ ಒಂದು ವರ್ಷದ ಕೂಸಾದ ಹೊಸ ಮೈಸೂರು ರಾಜ್ಯ ಉಳಿಯೋದಿಲ್ಲ ಅನ್ನೋದು ಶ್ರೀರಂಗಪಟ್ಟಣದಲ್ಲಿ ಕೂತಿದ್ದ ಅಧಿಕಾರಿಗೆ ಗೊತ್ತಾಗಿತ್ತು.

ಆ ಅಧಿಕಾರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಗವರ್ನರ್ ಜನರಲ್‌ನ ತಮ್ಮ. ಹದಿನೈದು ವರ್ಷದ ನಂತರ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿ, ಆಮೇಲೆ ಇಂಗ್ಲೆಂಡಿನ ಪ್ರಧಾನಿಯಾದವನು ಇವನೇ. ಆಗಷ್ಟೇ ಅವನಿಗೆ ಡಚ್ಚರ ಬಟೇವಿಯಾ ಮೇಲೆ ದಂಡೆತ್ತಿ ಹೋಗುವ ದೊಡ್ಡ ಹುದ್ದೆ ಬಂದಿತ್ತು. ಹೆಸರು, ಹಣ ಎರಡೂ ಸಿಗುವ ಕೆಲಸ. ಧೊಂಡಿಯನ ಕಾಟದಿಂದ ಅದನ್ನು ಬಿಟ್ಟು ಇಲ್ಲೇ ಉಳಿಯಬೇಕಾಯ್ತು. ಚನ್ನಗಿರಿಯ ಒಬ್ಬ ಸವಾರ ಬ್ರಿಟಿಷ್ ಸಾಮ್ರಾಜ್ಯದ ಲೆಕ್ಕಾಚಾರವನ್ನೇ ಬದಲಿಸಿದ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

1800ರ ಜೂನ್‌ನಲ್ಲಿ ವೆಲ್ಲೆಸ್ಲಿ ಹರಿಹರದಲ್ಲಿ ತುಂಗಭದ್ರೆ ದಾಟಿದ. ಈ ಸಲ ಗಡಿ ಅಡ್ಡ ಬರಲಿಲ್ಲ, ಮರಾಠರೂ ಒಪ್ಪಿದ್ದರು. ಮೈಸೂರಿನ ಕುದುರೆ ಪಡೆಯೂ ಜತೆಗಿತ್ತು. ಹೊಟ್ಟೆಗೆ ಅಕ್ಕಿ ಹೊತ್ತು ತಂದವರು ಲಂಬಾಣಿಗಳು, ಅವರ ಹೇರೆತ್ತಿನ ಸಾಲು ಇಲ್ಲದಿದ್ದರೆ ಸೈನ್ಯ ಒಂದು ವಾರವೂ ನಡೀತಿರಲಿಲ್ಲ. ಧೊಂಡಿಯನ ಜನ ಇದ್ದ ಊರಲ್ಲೇ ತಿಂದು ಮುಂದೆ ಹೋಗೋರು. ವೆಲ್ಲೆಸ್ಲಿ ದಿನಸಿ ಲೆಕ್ಕ ಇಟ್ಟು ಹೆಜ್ಜೆ ಇಡೋನು. ಕೊನೆಗೆ ಗೆದ್ದಿದ್ದು ಈ ಲೆಕ್ಕವೇ.

ಆದರೆ ಮೊದಲ ಗೆಲುವು ಧೊಂಡಿಯನದು. ಜೂನ್ 30ರಂದು ಕಿತ್ತೂರಿನ ಹತ್ತಿರ ಹೊಂಚು ಹಾಕಿ ಧೋಂಡೋಪಂತ ಗೋಖಲೆಯ ಮೇಲೆ ಎರಗಿದ. ಗೋಖಲೆ ಅಲ್ಲೇ ಸತ್ತ. ಆತನ ರಕ್ತದಲ್ಲಿ ಮೀಸೆ ಅದ್ದಿಕೊಳ್ತೀನಿ ಅಂತ ಧೊಂಡಿಯ ಶಪಥ ಮಾಡಿದ್ದ, ಹಾಗೇ ಮಾಡಿದ ಅಂತ ಮರಾಠರ ಕಡೆ ಕತೆ ಇದೆ. ಮೀಸೆ ಕತೆ ಬಿಡಿ, ಏಳು ವರ್ಷದ ಹಗೆ ಅವತ್ತು ತೀರಿದ್ದು ನಿಜ. ಗೋಖಲೆಯ ಅಣ್ಣನ ಮಗ ಬಾಪು ಗೋಖಲೆ ಪಾರಾದ. ಆತ ಮುಂದೆ ಪೇಶ್ವೆಯ ಕೊನೆಯ ಸೇನಾಪತಿಯಾಗಿ 1818ರಲ್ಲಿ ಇದೇ ಬ್ರಿಟಿಷರ ವಿರುದ್ಧ ಹೋರಾಡಿ ಸತ್ತ.

ಆಮೇಲೆ ಬರೀ ಬೆನ್ನಟ್ಟುವ ಆಟ. ಜುಲೈ 14ಕ್ಕೆ ಕುಂದಗೋಳ ಬಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ ಹೋದವು, 26ಕ್ಕೆ ಡಂಬಳ. ಧೊಂಡಿಯ ಒಂದು ಕೋಟೆಯಲ್ಲೂ ನಿಂತು ಕಾದಾಡಲಿಲ್ಲ. ಕೋಟೆಯೊಳಗೆ ಸಿಕ್ಕಿಬಿದ್ದರೆ ಬೋನಿಗೆ ಬಿದ್ದ ಹಾಗೆ ಅಂತ ಶಿಕಾರಿಪುರದಲ್ಲೇ ಪಾಠ ಆಗಿತ್ತು. ಜುಲೈ 30ರಂದು ಮಾತ್ರ ಎಡವಿದ. ಮಲಪ್ರಭಾ ದಂಡೆಯ ಮುನವಳ್ಳಿ ಹತ್ತಿರ ಹೊಳೆ ದಾಟ್ತಾ ಇದ್ದಾಗ ವೆಲ್ಲೆಸ್ಲಿ ಒಂದೇ ದಿನದಲ್ಲಿ 26 ಮೈಲಿ ನಡೆದು ಬಂದು ಬಿಡಾರದ ಮೇಲೆ ಬಿದ್ದ. ಹೊಳೆ ತುಂಬಿ ಹರೀತಿತ್ತು. ಎಷ್ಟೋ ಜನ, ಕುದುರೆಗಳು ನೀರುಪಾಲಾದರು. ಸೈನಿಕರ ಜತೆ ಅವರ ಸಂಸಾರಗಳೂ ಇದ್ದವು ಅನ್ನೋದನ್ನು ಮರೆಯೋ ಹಾಗಿಲ್ಲ. ಆಚೆ ದಡ ಸೇರಿದ್ದ ತೋಪುಗಳನ್ನೂ ಬಿಡಲಿಲ್ಲ. ಬಿಳಿ ಸಿಪಾಯಿಗಳು ಕೆಲವರು ಈಜಿ ಹೋಗಿ, ದೋಣಿ ಹಿಡಿದು ಅವನ್ನು ವಶ ಮಾಡಿಕೊಂಡರು.

ಧೊಂಡಿಯ ಅವತ್ತೂ ಈಚೆ ದಡದಲ್ಲಿ ಇರಲಿಲ್ಲ. ಇನ್ನೂ ಆರು ವಾರ ಹೊಳೆ, ಕಾಡು ಸುತ್ತಿ ತಪ್ಪಿಸಿಕೊಂಡ. ಜನ ಮಾತ್ರ ದಿನಾ ಉದುರುತ್ತಾ ಹೋದರು. ಕೃಷ್ಣಾ ನದಿ ಕಡೆಯಿಂದ ಸ್ಟೀವನ್‌ಸನ್ ಒತ್ತಿಕೊಂಡು ಬಂದ, ದಕ್ಷಿಣದಲ್ಲಿ ವೆಲ್ಲೆಸ್ಲಿ. ನಡುವೆ ಜಾಗ ಕಿರಿದಾಯ್ತು.

ಕೋಣಗಲ್

ಇವತ್ತಿನ ರಾಯಚೂರು ಸೀಮೆಯ ಕೋಣಗಲ್. 1800ರ ಸೆಪ್ಟೆಂಬರ್ 10ರ ಬೆಳಗ್ಗೆ ಧೊಂಡಿಯ ಸುಮಾರು 5000 ಸವಾರರ ಜತೆ ಪಶ್ಚಿಮಕ್ಕೆ ಹೊರಟಿದ್ದ. ಬ್ರಿಟಿಷರು ಇಷ್ಟು ಹತ್ತಿರ ಇದ್ದಾರೆ ಅನ್ನೋ ಸುಳಿವು ಸಿಕ್ಕಿರಲಿಲ್ಲ. ವೆಲ್ಲೆಸ್ಲಿ ಹತ್ತಿರ ಇದ್ದದ್ದು ನಾಲ್ಕು ಕುದುರೆ ರೆಜಿಮೆಂಟ್, ಎರಡು ಬಿಳಿಯರದು, ಎರಡು ದೇಶಿ. ಕಾಲಾಳುಗಳು ಹಿಂದೆ ಉಳಿದಿದ್ದರು. ಎದುರಿನ ಸಾಲು ಉದ್ದ ಇದ್ದಿದ್ದರಿಂದ ನಾಲ್ಕೂ ರೆಜಿಮೆಂಟನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿಸಿದ. ಧೊಂಡಿಯನ ಜನ ಕೂಡಲೇ ಓಡಲಿಲ್ಲ, ಸ್ವಲ್ಪ ಹೊತ್ತು ಗಟ್ಟಿಯಾಗಿ ನಿಂತರು. ಆಮೇಲೆ ಸಾಲು ಒಡೀತು. ಆ ನೂಕುನುಗ್ಗಲಲ್ಲಿ ಧೊಂಡಿಯ ಬಿದ್ದ. ಸತ್ತವರ ನಡುವೆ ಗುರುತು ಹಿಡಿದು, ಹೆಣವನ್ನು ತೋಪಿನ ಗಾಡಿಗೆ ಕಟ್ಟಿ ಬಿಡಾರಕ್ಕೆ ತಂದರು. ಬದುಕಿದ್ದಾನೆ ಅನ್ನುವ ಸುದ್ದಿ ಹಬ್ಬಿದರೆ ಮತ್ತೆ ಸೈನ್ಯ ಕೂಡುತ್ತೆ ಅನ್ನುವ ಭಯ ಅವರಿಗಿತ್ತು ಅನಿಸುತ್ತೆ. ಹಿಂದೆ ಎರಡು ಸಲ ಹಾಗೇ ಆಗಿತ್ತಲ್ಲ.

ನಮ್ಮ ಸೀಮೆ ನಿಧಾನಕ್ಕೆ ಪೂರ್ಣಯ್ಯನವರ ಆಡಳಿತಕ್ಕೆ ಬಂತು. ಮರುವರ್ಷ 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನುವ ಡಾಕ್ಟರ್ ಕೆಳದಿ, ಇಕ್ಕೇರಿ, ನಗರ, ಕವಲೇದುರ್ಗದ ದಾರಿ ಹಿಡಿದು ಅಡಿಕೆ ತೋಟ, ಮೆಣಸಿನ ಬೆಲೆ ಎಲ್ಲ ಬರೆದುಕೊಂಡು ಹೋದ. ಹಿಂದಿನ ವರ್ಷ ಗೆದ್ದವರು ಈಗ ಲೆಕ್ಕ ಹಿಡಿಯುತ್ತಿದ್ದರು. ಮೂವತ್ತು ವರ್ಷದ ಮೇಲೆ, 1830-31ರಲ್ಲಿ ಕಂದಾಯದ ಕಾಟ ತಾಳದೆ ಇದೇ ನಗರ ಸೀಮೆ ಮತ್ತೆ ಸಿಡಿದೆದ್ದು, ಮೈಸೂರು ಆಡಳಿತವನ್ನೇ ಬ್ರಿಟಿಷ್ ಕಮಿಷನರುಗಳ ಕೈಗೆ ದಾಟಿಸಿತು. ಅದು ಬೇರೆ ಕತೆ, ಬೇರೆ ಜನ.

ಧೊಂಡಿಯನ ಕತೆಯಲ್ಲಿ ಇನ್ನೊಬ್ಬ ಉಳಿದಿದ್ದಾನೆ. ಕೋಣಗಲ್‌ನಲ್ಲಿ ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಹುಡುಗ ಸಿಕ್ಕಿದ. ಹೆಸರು ಸಲಾಬತ್ ಖಾನ್, ಧೊಂಡಿಯನ ಮಗ. ವೆಲ್ಲೆಸ್ಲಿ ಹುಡುಗನನ್ನು ತನ್ನ ಡೇರೆಗೆ ಕರೆತರಿಸಿ ಸಾಕಿದ. 1805ರಲ್ಲಿ ಇಂಡಿಯಾ ಬಿಟ್ಟು ಹೋಗುವಾಗ ಅವನ ಖರ್ಚಿಗೆ ಅಂತ ಶ್ರೀರಂಗಪಟ್ಟಣದ ಅಧಿಕಾರಿಯ ಹತ್ತಿರ ಹಣ ಇಟ್ಟುಹೋದ. ಅಪ್ಪನನ್ನು ಕೊಂದವನೇ ಮಗನ ಅನ್ನಕ್ಕೆ ದಾರಿ ಮಾಡಿದ. ಸಲಾಬತ್ ಖಾನ್ ಬೆಳೆದು ಚೆಂದದ ಯುವಕನಾಗಿ ಮೈಸೂರು ಮಹಾರಾಜರ ಚಾಕರಿಗೆ ಸೇರಿದ. 1822ರಲ್ಲಿ ಕಾಲರಾ ಬಂದು ತೀರಿಕೊಂಡ.