ಚೀಟಿಯ ಮೇಲಿನ ಹೆಸರು

ನಮ್ಮ ಹಲಬರ್ಗಾದಲ್ಲಿ ಮಳೆಗಾಲ ಕಾಲಿಟ್ಟಿತೆಂದರೆ ಜ್ವರವೂ ಕಾಲಿಟ್ಟಂತೆಯೇ. ನಾಲ್ಕು ದಿನ ಬಿಡದಿದ್ದರೆ ರೋಗಿಯನ್ನು ಭಾಲ್ಕಿಗೋ ಬೀದರಿಗೋ ಕರೆದೊಯ್ಯುತ್ತಾರೆ. ಹಿಂದಿರುಗುವಾಗ ಕೈಯಲ್ಲೊಂದು ಚೀಟಿ. ಚೀಟಿಯಲ್ಲಿ ‘ವಿಡಾಲ್’ ಎಂಬ ಮಾತು. ಅಕ್ಷರ ಬಾರದವರೂ ಅದನ್ನು ಬಲ್ಲರು. ಅದೊಂದು ರೋಗದ ಹೆಸರೆಂದೇ ಹಲವರ ಭಾವನೆ. ಅದು ಒಬ್ಬ ಮನುಷ್ಯನ ಹೆಸರೆಂಬುದು ಬಹುಕಾಲ ನನಗೂ ತಿಳಿದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗನಿಗೆ ಜ್ವರ ಬಂದಿತು. ಮೂರನೆಯ ದಿನದ ಚೀಟಿಯನ್ನು ನೋಡಿ ಟೈಫಾಯಿಡ್ ಎಂದು ತೀರ್ಮಾನವಾಯಿತು. ವಸಡಿನಲ್ಲಿ ರಕ್ತ ಕಾಣಿಸಿದ ಮೇಲೆ ತಿಳಿದದ್ದು, ಅದು ಡೆಂಗೆ ಎಂದು. ಹುಡುಗ ಉಳಿದನು. ಆದರೆ ಆ ಚೀಟಿಯ ಹೆಸರಿನವನು ಯಾರು, ಅವನು ನಿಜಕ್ಕೂ ಏನನ್ನು ಹೇಳಿದನು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಫೆರ್ನಾಂ ವಿಡಾಲ್ 1862ರಲ್ಲಿ ಆಲ್ಜೀರಿಯದ ದೆಲ್ಲೀಸ್ ಎಂಬ ಊರಿನಲ್ಲಿ ಜನಿಸಿದನು. ಓದಿದ್ದೂ ಬಾಳಿದ್ದೂ ಪ್ಯಾರಿಸಿನಲ್ಲಿ. ಬಾಣಂತಿಯರನ್ನು ಬಲಿ ತೆಗೆದುಕೊಳ್ಳುತ್ತಿದ್ದ ನಂಜಿನ ರೋಗಾಣುಗಳನ್ನು ಕುರಿತು ತಾರುಣ್ಯದಲ್ಲಿಯೇ ಸಂಶೋಧನೆ ನಡೆಸಿದನು. 1888ರಲ್ಲಿ ಶಾಂತಮೆಸ್ ಎಂಬ ವೈದ್ಯನೊಡನೆ ಸೇರಿ, ಸತ್ತ ಟೈಫಾಯಿಡ್ ರೋಗಾಣುಗಳನ್ನು ಚುಚ್ಚಿ ಇಲಿಗಳಿಗೆ ಆ ರೋಗದಿಂದ ರಕ್ಷಣೆ ಒದಗಿಸಬಹುದೆಂದು ತೋರಿಸಿದನು.

1896ರಲ್ಲಿ ವಿಯೆನ್ನಾದ ಗ್ರೂಬರ್ ಮತ್ತು ಡರ್ಹಮ್ ಒಂದು ವಿಚಿತ್ರವನ್ನು ವರದಿ ಮಾಡಿದರು. ರೋಗಾಣುವನ್ನು ಚುಚ್ಚಿಸಿಕೊಂಡ ಪ್ರಾಣಿಯ ರಕ್ತರಸವನ್ನು ಅದೇ ರೋಗಾಣುಗಳ ದ್ರವಕ್ಕೆ ಬೆರೆಸಿದರೆ, ಬಗ್ಗಡ ನೀರಿಗೆ ಪಟಿಕ ಹಾಕಿದಂತೆ ರೋಗಾಣುಗಳು ಗಂಟುಕಟ್ಟಿ ತಳಕ್ಕಿಳಿಯುತ್ತವೆ. ಬಲ್ಲ ರಕ್ತರಸದಿಂದ ಅರಿಯದ ರೋಗಾಣುವನ್ನು ಗುರುತಿಸುವ ದಾರಿ ಇದರಿಂದ ತೆರೆಯಿತು. ಅದೇ ವರ್ಷದ ಜೂನಿನಲ್ಲಿ ವಿಡಾಲನು ಈ ಪ್ರಶ್ನೆಯನ್ನೇ ತಿರುಗಿಸಿದನು: ರೋಗಾಣು ಗೊತ್ತಿರಲಿ, ರಕ್ತ ಗೊತ್ತಿಲ್ಲದಿರಲಿ. ಜ್ವರದಿಂದ ಮಲಗಿರುವವನ ರಕ್ತರಸ ಟೈಫಾಯಿಡ್ ರೋಗಾಣುವನ್ನು ಗಂಟುಕಟ್ಟಿಸಿದರೆ, ಆ ರೋಗವನ್ನೆದುರಿಸುವ ಪ್ರತಿಕಾಯಗಳು ಅದರಲ್ಲಿವೆ ಎಂದಾಯಿತು. ಶವಪರೀಕ್ಷೆಗೆ ಕಾಯದೆ, ಬದುಕಿರುವವನ ರಕ್ತವನ್ನೇ ಸಾಕ್ಷಿಗೆ ಕರೆದ ವಿಧಾನವಿದು.

ಆದರೆ ಸಾಕ್ಷಿಯ ಮಾತಿಗೂ ಮಿತಿಯುಂಟು. ಪ್ರತಿಕಾಯಗಳು ಸಾಮಾನ್ಯವಾಗಿ ಮೊದಲ ವಾರ ಕಳೆಯುವ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ. ಹಿಂದೆಂದೋ ಬಂದ ಜ್ವರ, ಹಾಕಿಸಿಕೊಂಡ ಲಸಿಕೆ, ಹತ್ತಿರದ ಬೇರೆ ರೋಗಾಣು ಇವುಗಳಿಂದಲೂ ಹುಟ್ಟಬಲ್ಲವು. ಚೀಟಿಯಲ್ಲಿ 1:80 ಎಂದಿದ್ದರೆ, ಎಂಬತ್ತು ಪಟ್ಟು ತೆಳುಮಾಡಿದ ರಕ್ತರಸವೂ ಗಂಟುಕಟ್ಟಿಸಿತೆಂದು ಮಾತ್ರ ಅರ್ಥ. ಟೈಫಾಯಿಡ್ ಬೇರೂರಿರುವ ನಮ್ಮಂಥ ನಾಡಿನಲ್ಲಿ ಅಷ್ಟು ಪ್ರತಿಕಾಯ ಆರೋಗ್ಯವಂತನಲ್ಲಿಯೂ ಇರಬಹುದು. ವಾರ ಹತ್ತು ದಿನದ ಅಂತರದಲ್ಲಿ ಎರಡು ಸಲ ನೋಡಿ, ಪ್ರಮಾಣ ನಾಲ್ಕು ಪಟ್ಟು ಏರಿದರೆ ಆ ಸಾಕ್ಷ್ಯಕ್ಕೆ ಬಲ ಬರುತ್ತದೆ. ರಕ್ತದಿಂದಲೇ ರೋಗಾಣುವನ್ನು ಬೆಳೆಸಿ ನೋಡುವುದು ಅದಕ್ಕಿಂತ ನಂಬತಕ್ಕ ಮಾರ್ಗ.

ವಿಡಾಲನು ಪ್ರಯೋಗಶಾಲೆಗಷ್ಟೇ ಸೇರಿದವನಲ್ಲ. ಆಸ್ಪತ್ರೆಯ ಹಾಸಿಗೆಯ ಬಳಿ ನಿಂತು ಕಲಿಸಿದ ವೈದ್ಯ. ಮೂತ್ರಪಿಂಡ ಕೆಟ್ಟು ಮೈ ಊದಿದವರಿಗೆ ಉಪ್ಪು ಕೊಟ್ಟಾಗ ಊತ ಏರುವುದನ್ನೂ ತೆಗೆದಾಗ ಇಳಿಯುವುದನ್ನೂ 1903ರ ಸುಮಾರಿಗೆ ಅಳೆದು ತೋರಿಸಿದವನು ಅವನೇ. ಅಲ್ಲಿ ಅವನಿಗೆ ಬೇಕಾದದ್ದು ತಕ್ಕಡಿ, ಪಥ್ಯ, ದಿನದಿನದ ತಾಳ್ಮೆ. 1929ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು.

ಆಮೇಲೆ ವಿಜ್ಞಾನ ಬಹುದೂರ ನಡೆಯಿತು. 1960ರಲ್ಲಿ ನ್ಯೂಯಾರ್ಕಿನ ಬರ್ಸನ್ ಮತ್ತು ಯಾಲೊ ವಿಕಿರಣದ ಗುರುತು ಹಚ್ಚಿ, ಗ್ರಾಮಿನ ಶತಕೋಟಿಯ ಒಂದು ಪಾಲಿಗಿಂತಲೂ ಸೂಕ್ಷ್ಮವಾದುದನ್ನು ಅಳೆಯುವ ಬಗೆಯನ್ನು ಪ್ರಕಟಿಸಿದರು. 1971ರಲ್ಲಿ ವಿಕಿರಣದ ಸ್ಥಾನಕ್ಕೆ ಕಿಣ್ವ ಬಂದು ಎಲೈಸಾ ಹುಟ್ಟಿತು. ನನ್ನ ಸೋದರಳಿಯನ ಡೆಂಗೆಯನ್ನು ಹೇಳಿದ್ದು ಈ ಎಲೈಸಾ ಪರೀಕ್ಷೆಯೇ. ಅದಕ್ಕೂ ಕೇಳಬೇಕಾದ ಪ್ರಶ್ನೆಗಳು ಹಳೆಯವೇ: ಜ್ವರಕ್ಕೆ ಇದು ಎಷ್ಟನೆಯ ದಿನ? ಹಿಂದೆ ಏನಾಗಿತ್ತು?

ಈಗ ಊರಿನಲ್ಲಿ ಯಾರಾದರೂ ಚೀಟಿ ಹಿಡಿದು ನನ್ನ ಬಳಿ ಓದಿಸಲು ಬಂದರೆ, ಆ ಎರಡು ಪ್ರಶ್ನೆಗಳನ್ನು ವೈದ್ಯರಿಗೆ ನೆನಪಿಸಿರೆಂದು ಹೇಳಿ ಕಳುಹಿಸುತ್ತೇನೆ. ವಿಡಾಲನ ಹೆಸರಿಗೆ ನಾನು ಸಲ್ಲಿಸಬಲ್ಲ ಗೌರವ ಅಷ್ಟೇ.